ಭಾನುವಾರದ ಮಾತುಕತೆಗೆ ಮುಂಚೆ ಇದನ್ನು ಓದಿಕೊಳ್ಳಿ

ಸ್ನೇಹಿತರೇ, ಈ ವಾರದ ವಿಷಯ: ಮೇಲಿನ ಕೋರ್ಟ್‌ಗಳಲ್ಲಿ ಮಹಿಳಾ ನ್ಯಾಯಮೂರ್ತಿಗಳು ಇಷ್ಟು ಕಡಿಮೆ ಯಾಕೆ?

ಸುಪ್ರೀಂ ಕೋರ್ಟ್ ಶುರುವಾಗಿದ್ದು 1950ರಲ್ಲಿ. ಮೊದಲ ಮಹಿಳೆ ಫಾತಿಮಾ ಬೀವಿ ಅಲ್ಲಿಗೆ ಬಂದದ್ದು 1989ರಲ್ಲಿ! 2021ರಲ್ಲಿ ಒಂದೇ ದಿನ ಮೂವರು ಪ್ರಮಾಣವಚನ ತೆಗೆದುಕೊಂಡಾಗ ನನಗೆ ಕಣ್ಣು ತುಂಬಿ ಬಂದಿತ್ತು. ನಮ್ಮ ಬಿ.ವಿ. ನಾಗರತ್ನ ಅವರೂ ಅವರಲ್ಲಿ ಒಬ್ಬರು.

ಸುಮ್ನೆ ತಲೆ ಎಣಿಸಬೇಡಿ, ವಯಸ್ಸನ್ನೂ ನೋಡಿ. ಹೈಕೋರ್ಟ್‌ನಲ್ಲಿ ನಿವೃತ್ತಿ 62ಕ್ಕೆ, ಸುಪ್ರೀಂ ಕೋರ್ಟ್‌ನಲ್ಲಿ 65ಕ್ಕೆ. ತಡವಾಗಿ ನೇಮಕವಾದವರು ಕೊಲಿಜಿಯಂ (ಹೊಸ ನ್ಯಾಯಮೂರ್ತಿಗಳ ಹೆಸರು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಗುಂಪು) ತಲುಪುವ ಮೊದಲೇ ಅವಧಿ ಮುಗಿದಿರುತ್ತದೆ. ಹೆಸರು ಆರಿಸುವ ಜಾಗದಲ್ಲೇ ಹೆಂಗಸರಿಲ್ಲದಿದ್ದರೆ ಹೇಗೆ, ಅಲ್ವಾ?

ವಕೀಲರಾಗಿರುವ ಸದಸ್ಯರು ಒಂದು ಲೆಕ್ಕ ಹಾಕಿಕೊಂಡು ಬನ್ನಿ: ನಿಮ್ಮ ಜೊತೆ ಶುರು ಮಾಡಿದ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಇನ್ನೂ ಕೋರ್ಟ್‌ನಲ್ಲಿ ವಾದ ಮಾಡುತ್ತಿದ್ದಾರೆ?