ಅರ್ಧ ಹೆಸರಿನ ಕಮ್ಮಾರ

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಹೋದ ಭಾನುವಾರ ನೋಡಿದ್ದನ್ನ ನಿನಗೆ ಹೇಳದೆ ಇರೋಕೆ ಆಗುತ್ತಿಲ್ಲ. ಇಲ್ಲಿ ನಗೋಯಾದಲ್ಲಿ, ನಮ್ಮ ಆಫೀಸಿನಿಂದ ರಿಟೈರ್ ಆದ ಹಿರಿಯರೊಬ್ಬರು ಊಟಕ್ಕೆ ಕರೆದಿದ್ದರು. ಊಟ ಆದಮೇಲೆ ಒಂದು ಹಳೇ ತಾಂತೋ ತಂದು ಮುಂದಿಟ್ಟರು. ತಾಂತೋ ಅಂದರೆ ಜಪಾನಿನ ಬಾಕು. ಅಲಗು ಒಂದು ಶಾಕು, ಅಂದರೆ 30.3 ಸೆಂಟಿಮೀಟರ್‌ಗಿಂತ ಚಿಕ್ಕದಿರುತ್ತದೆ. ಇದು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಇತ್ತು.

ಮೊದಲು ಇಬ್ಬರೂ ಅದಕ್ಕೆ ತಲೆಬಾಗಿದೆವು. ಅಲಗಿಗೆ ಬೆರಳು ತಾಕಬಾರದು, ಅದರ ಮುಂದೆ ಮಾತೂ ಆಡಬಾರದು. ಕೈ ಬೆವರು, ಬಾಯಿಯ ತೇವ ಎರಡೂ ತುಕ್ಕು ತರುತ್ತವೆ. ಹಾಗಾಗಿ ಸುಮ್ನೆ ಕೂತು ನೋಡಿದೆ. ದೀಪದ ಕಡೆ ಹಿಡಿದರೆ ಬರೀ ಬೂದು ಬಣ್ಣ. ಒಂಚೂರು ಓರೆ ಮಾಡಿದೆ ನೋಡು, ಅಂಚಿನುದ್ದಕ್ಕೂ ಮಂಜಿನಂಥ ಬಿಳಿ ಗೆರೆ ಎದ್ದು ಬಂತು! ಅದೇ ಹಾಮೋನ್. ಕುಲುಮೆಗಿಡುವ ಮುಂಚೆ ಅಲಗಿಗೆ ಮಣ್ಣು ಬಳಿಯುತ್ತಾರೆ, ಬೆನ್ನಿಗೆ ದಪ್ಪ, ಅಂಚಿಗೆ ತೆಳು. ಕೆಂಪಗೆ ಕಾದದ್ದನ್ನು ನೀರಿಗೆ ಅದ್ದಿದಾಗ ಅಂಚು ಬೇಗ ಆರಿ ಗಟ್ಟಿಯಾಗುತ್ತದೆ, ಬೆನ್ನು ಅಷ್ಟು ಗಟ್ಟಿಯಾಗುವುದಿಲ್ಲ. ಎರಡೂ ಕೂಡುವ ಕಡೆ ಈ ಗೆರೆ ಮೂಡುತ್ತದೆ. ಇದರಲ್ಲಿ ಅದು ಅಲೆಅಲೆಯಾಗಿ ಹೋಗಿ ಅಲ್ಲಲ್ಲಿ ಚೂಪಾಗಿ ಏಳುತ್ತಿತ್ತು. ಮಿನೋ ಸೀಮೆಯ, ಅಂದರೆ ಈಗಿನ ಗಿಫುವಿನ, ಸೆಕಿ ಊರಿನವರ ಕೈ ಅದು.

ತುದಿ ನೋಡಿದಾಗಂತೂ ಉಸಿರು ಹಿಡಿದೆ. ಅಲ್ಲಿ ಗೆರೆ ದುಂಡಗೆ ತಿರುಗಿ, ಕೆಳಗೆ ಕುತ್ತಿಗೆಯಂತೆ ಸಣ್ಣಗಾಗಿ, ಒಂದು ಪುಟ್ಟ ತಲೆಯ ಆಕಾರ ಆಗಿದೆ. ಇಲ್ಲಿ ದಾರಿಬದಿಯಲ್ಲಿ ಮಕ್ಕಳನ್ನ ಕಾಯೋ ಜಿಜೋ ಅನ್ನೋ ದೇವರ ಕಲ್ಲಿನ ಮೂರ್ತಿಗಳಿರುತ್ತವೆ. ಆ ಜಿಜೋನ ತಲೆ ಅಂತಲೇ ಇದನ್ನ ಕರೆಯುತ್ತಾರೆ. ಉಗುರಿನಷ್ಟು ಜಾಗದಲ್ಲಿ!

ಆಮೇಲೆ ಅವರು ಬಿದಿರಿನ ಗೂಟ ತಟ್ಟಿ ಹಿಡಿ ಬಿಚ್ಚಿದರು. ಒಳಗಿನ ಭಾಗ ಕಪ್ಪಗೆ ತುಕ್ಕು ಹಿಡಿದಿತ್ತು. ಅದನ್ನ ಯಾವತ್ತೂ ತಿಕ್ಕಬಾರದು, ವಯಸ್ಸು ಹೇಳೋದೇ ಆ ತುಕ್ಕು. ಗಿಡುಗದ ಗರಿಯ ಹಾಗೆ ಎರಡೂ ಕಡೆಗೆ ಇಳಿದ ಅರದ ಗೀರುಗಳು. ನಡುವೆ ಉಳಿಯಲ್ಲಿ ಕೆತ್ತಿದ ಹೆಸರು. ಮೊದಲ ಅಕ್ಷರ ‘ಕಾನೆ’. ಎರಡನೆಯದರ ಮೇಲೇ ಯಾವ ಕಾಲದಲ್ಲೋ ಯಾರೋ ಗೂಟಕ್ಕೆ ಇನ್ನೊಂದು ತೂತು ಕೊರೆದಿದ್ದಾರೆ. ಮನಸ್ಸಿಗೆ ಪಿಚ್ಚೆನಿಸಿತು. ಸೆಕಿಯಲ್ಲಿ ‘ಕಾನೆ’ ಎಂದು ಶುರುವಾಗುವ ಕಮ್ಮಾರರು ಲೆಕ್ಕವಿಲ್ಲದಷ್ಟು. ಕಾನೆಮೊತೊ, ಕಾನೆಸದ ಇವರನ್ನ ಕತ್ತಿ ಬಲ್ಲವರೆಲ್ಲ ಬಲ್ಲರು. ಆ ಎರಡನೇ ಅಕ್ಷರದಲ್ಲಿ ಉಳಿದ ಗೀಟುಗಳನ್ನ ಹೋಲಿಸಿ ನೋಡಿ, ಅವರಿಬ್ಬರೂ ಅಲ್ಲ ಅಂತ ಹಿರಿಯರು ಗಟ್ಟಿಮಾಡಿಕೊಂಡಿದ್ದಾರೆ.

ಟೋಕಿಯೋದ ರ್ಯೋಗೊಕುವಿನ ಕತ್ತಿ ಮ್ಯೂಸಿಯಮ್ಮಿನಲ್ಲಿ ದೊಡ್ಡವರ ಕೆಲಸ ಗಾಜಿನಾಚೆ ನೋಡಿದ್ದೆ. ನನಗೆ ಇದೇ ಹೆಚ್ಚು ಹಿಡಿಸಿತು. ಹಿಡಿಯ ಹತ್ತಿರ ಒಂದು ಕಡೆ ಗೆರೆ ಇನ್ನೇನು ಅಂಚಿಗೆ ಜಾರಿತು ಅನ್ನುವಷ್ಟು ಇಳಿದು, ಮತ್ತೆ ಮೇಲೆದ್ದಿದೆ. ಮಣ್ಣು ಬಳಿಯುತ್ತಿದ್ದ ಆ ಕೈಯನ್ನೇ ಕಂಡಂತಾಯಿತು.

ಫೋಟೋದಲ್ಲಿ ಹಾಮೋನ್ ಸರಿಯಾಗಿ ಬೀಳಲಿಲ್ಲ. ಅದಕ್ಕೇ ಪೆನ್ಸಿಲಿನಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಮೊದಲು ತುದಿ ನೋಡು.

ನಿನ್ನ ಗೆಳೆಯ