ಎದುರಾಳಿಗಳ ವಿವರವಿಲ್ಲದೆ ಬಾಕ್ಸಿಂಗ್ ಚಾಂಪಿಯನ್ನರ ಶ್ರೇಷ್ಠತೆ ಅಳೆದಿರುವ ಕುರಿತು ದೂರು

ಇಂದ:
ತಮ್ಮ ಸೇವೆಯ ವಾರ್ಷಿಕ ಚಂದಾದಾರ,
ಧಾರವಾಡ

ಇವರಿಗೆ:
ಮುಖ್ಯಸ್ಥರು, ಕಾರ್ಯಕ್ರಮ ವಿಭಾಗ,
ಕ್ರೀಡಾ ಪ್ರಸಾರ ಸಂಸ್ಥೆ

ವಿಷಯ: ಬಾಕ್ಸಿಂಗ್ ಚಾಂಪಿಯನ್ನರ ಶ್ರೇಯಾಂಕ ಪಟ್ಟಿಯನ್ನು ಸರಿಪಡಿಸುವಂತೆ ಕೋರಿ.

ಮಾನ್ಯರೇ,

ನಾನು ತಮ್ಮ ಸೇವೆಗೆ ಚಂದಾ ಕಟ್ಟಿರುವುದು ಮುಖ್ಯವಾಗಿ ಅದರಲ್ಲಿರುವ ಹಳೆಯ ಬಾಕ್ಸಿಂಗ್ ಪಂದ್ಯಗಳ ಸಂಗ್ರಹಕ್ಕಾಗಿ. ದೃಶ್ಯಗಳ ಗುಣಮಟ್ಟದ ಬಗ್ಗೆಯಾಗಲಿ, ಕನ್ನಡ ವೀಕ್ಷಕ ವಿವರಣೆಯ ಬಗ್ಗೆಯಾಗಲಿ ನನ್ನ ತಕರಾರಿಲ್ಲ. ಆದರೆ ಆ ಸಂಗ್ರಹದಲ್ಲಿ ಚಾಂಪಿಯನ್ನರನ್ನು ಶ್ರೇಷ್ಠತೆಯ ಕ್ರಮದಲ್ಲಿ ಜೋಡಿಸಿರುವ ವಿಭಾಗವೊಂದಿದ್ದು, ಪ್ರತಿ ಹೆಸರಿನ ಕೆಳಗೆ ಗೆಲುವು, ಸೋಲು, ನಾಕೌಟ್‌ಗಳ ಸಂಖ್ಯೆಯನ್ನಷ್ಟೇ ಕೊಡಲಾಗಿದೆ. ಕಡಿಮೆ ಸೋತವರು ಮೇಲೆ, ಹೆಚ್ಚು ಸೋತವರು ಕೆಳಗೆ. ಯಾರನ್ನು, ಎಲ್ಲಿ, ಯಾವ ಷರತ್ತಿನ ಮೇಲೆ ಗೆದ್ದರು ಎಂಬುದರ ಸುಳಿವೇ ಇಲ್ಲ. ಇದನ್ನು ತಮ್ಮ ಗ್ರಾಹಕ ವಿಭಾಗದ ಗಮನಕ್ಕೆ ತಂದಾಗ, ಸಂಖ್ಯೆಗಳನ್ನು ಅಧಿಕೃತ ದಾಖಲೆಗಳಿಂದಲೇ ಪಡೆಯಲಾಗಿದೆ ಎಂಬ ಉತ್ತರ ಬಂತು. ಸಂಖ್ಯೆಗಳು ಸರಿಯಾಗಿಯೇ ಇವೆ. ಅವುಗಳಿಂದ ತಾವು ಹೊರಡಿಸಿರುವ ತೀರ್ಮಾನ ತಪ್ಪು ಎಂಬುದು ನನ್ನ ದೂರು.

ತಮ್ಮ ಪಟ್ಟಿಯಲ್ಲಿ ರಿಡಿಕ್ ಬೋ ಅವರು 43 ಗೆಲುವು, 1 ಸೋಲಿನೊಂದಿಗೆ ಲೆನಾಕ್ಸ್ ಲೂಯಿಸ್ ಅವರಿಗಿಂತ ಮೇಲಿದ್ದಾರೆ. ಲೂಯಿಸ್ ಅವರದು 41 ಗೆಲುವು, 2 ಸೋಲು, 1 ಡ್ರಾ. 1988ರ ಸೋಲ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಬೋ ಅವರನ್ನು ಎರಡನೇ ಸುತ್ತಿನಲ್ಲೇ ಸೋಲಿಸಿ ಚಿನ್ನ ಗೆದ್ದವರು ಇದೇ ಲೂಯಿಸ್. 1992ರ ನವೆಂಬರ್‌ನಲ್ಲಿ ಬೋ ಅವರು ಇವಾಂಡರ್ ಹೋಲಿಫೀಲ್ಡ್ ಅವರನ್ನು ಮಣಿಸಿ ಹೆವಿವೇಟ್ ವಿಶ್ವ ಚಾಂಪಿಯನ್ ಆದರು; ಅದಕ್ಕೆ ಎರಡು ವಾರ ಮೊದಲಷ್ಟೇ ಲಂಡನ್ನಿನಲ್ಲಿ ರೇಜರ್ ರಡಕ್ ಅವರನ್ನು ಎರಡು ಸುತ್ತುಗಳಲ್ಲಿ ಮುಗಿಸಿದ್ದ ಲೂಯಿಸ್, ವಿಶ್ವ ಪಟ್ಟ ನೀಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿಯ ಬೆಲ್ಟಿಗೆ ಮುಂದಿನ ಹಕ್ಕುದಾರರಾಗಿ ಕಾದು ನಿಂತಿದ್ದರು. ಹಣದ ಮಾತುಕತೆ ಮುರಿದುಬಿದ್ದಿತು, ಪಂದ್ಯ ನಡೆಯಲೇ ಇಲ್ಲ. ಡಿಸೆಂಬರ್‌ನಲ್ಲಿ ಬೋ ಅವರು ಲಂಡನ್ನಿನಲ್ಲಿ ಪತ್ರಕರ್ತರೆದುರು ಆ ಬೆಲ್ಟನ್ನು ಕಸದ ಡಬ್ಬಿಗೆ ಹಾಕಿದರು. ಬಳಿಕ 1993ರಲ್ಲಿ ಅವರು ಉಳಿದ ಪಟ್ಟಗಳನ್ನು ಉಳಿಸಿಕೊಂಡದ್ದು, ಉತ್ತುಂಗದ ದಿನಗಳು ಕಳೆದುಹೋಗಿದ್ದ ಮೈಕೆಲ್ ಡೋಕ್ಸ್ ಮತ್ತು ಜೆಸ್ಸಿ ಫರ್ಗುಸನ್ ಅವರೆದುರು; ಮೊದಲಿನದು ಒಂದೇ ಸುತ್ತಿನಲ್ಲಿ, ಎರಡನೆಯದು ಎರಡು ಸುತ್ತುಗಳಲ್ಲಿ ಮುಗಿಯಿತು. ಈ ಎರಡು ಗೆಲುವುಗಳೂ ಹೋಲಿಫೀಲ್ಡ್ ಎದುರಿನ ಅಮೋಘ ಗೆಲುವಿನಷ್ಟೇ ತೂಕ ಪಡೆದು ಆ 43ರೊಳಗೆ ಸೇರಿಕೊಂಡಿವೆ. ಇತ್ತ ಲೂಯಿಸ್ ತಮ್ಮನ್ನು ಸೋಲಿಸಿದ ಆಲಿವರ್ ಮೆಕಾಲ್ ಮತ್ತು ಹಸೀಮ್ ರಹಮಾನ್ ಇಬ್ಬರನ್ನೂ ಮತ್ತೆ ಎದುರಿಸಿ ಗೆದ್ದರು. 1999ರಲ್ಲಿ ಹೋಲಿಫೀಲ್ಡ್ ಜೊತೆಗಿನ ಪಂದ್ಯ ಡ್ರಾ ಎಂದು ಘೋಷಣೆಯಾದಾಗ ಅದೇ ವರ್ಷ ಮತ್ತೆ ರಿಂಗಿಗಿಳಿದು ಅವರನ್ನೂ ಗೆದ್ದರು. ವೃತ್ತಿಜೀವನದಲ್ಲಿ ತಾವು ಎದುರಿಸಿದ ಪ್ರತಿಯೊಬ್ಬರನ್ನೂ ಸೋಲಿಸಿದ ಆಟಗಾರ, ಹಳೆಯ ಎದುರಾಳಿಯೊಡನೆ ಒಪ್ಪಂದಕ್ಕೇ ಬಾರದ ಆಟಗಾರನಿಗಿಂತ ಕೆಳಗಿರುವುದು ಯಾವ ನ್ಯಾಯ?

ಚಾಂಪಿಯನ್ನರ ಎದುರಾಳಿಗಳು ಹೇಗೆ ಗೊತ್ತಾಗುತ್ತಾರೆ ಎಂಬುದನ್ನು ತಮ್ಮ ವೀಕ್ಷಕರಿಗೆ ತಿಳಿಸದೇ ಇರುವುದೇ ಈ ಗೊಂದಲದ ಮೂಲ. ಕ್ರಿಕೆಟ್ಟಿನಲ್ಲೋ ಫುಟ್‌ಬಾಲಿನಲ್ಲೋ ವೇಳಾಪಟ್ಟಿಯೇ ಎದುರಾಳಿಯನ್ನು ತಂದು ನಿಲ್ಲಿಸುತ್ತದೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅಂಥ ವೇಳಾಪಟ್ಟಿ ಇಲ್ಲ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳು ಒಂದೊಂದು ತೂಕಕ್ಕೂ ತಮ್ಮದೇ ಬೆಲ್ಟ್ ಇಟ್ಟುಕೊಂಡು, ತಮ್ಮದೇ ಶ್ರೇಯಾಂಕ ಪಟ್ಟಿ ಹೊರಡಿಸಿ, ಪಟ್ಟದ ಪಂದ್ಯ ನಡೆದಾಗಲೆಲ್ಲ ಆಟಗಾರರ ಸಂಭಾವನೆಯಲ್ಲಿ ಪಾಲು ಪಡೆಯುತ್ತವೆ. ಸಂಸ್ಥೆಯೇ ಗೊತ್ತುಪಡಿಸುವ ಕಡ್ಡಾಯ ಸ್ಪರ್ಧಿಯನ್ನು ಎದುರಿಸುವ ಸರದಿ ಬರುವವರೆಗೆ ಚಾಂಪಿಯನ್ ಆ ಪಟ್ಟಿಯಿಂದ ತನಗೆ ಅನುಕೂಲವೆನಿಸಿದವರನ್ನು ಆರಿಸಿಕೊಳ್ಳಬಹುದು. ಸರದಿ ಬಂದಾಗಲೂ ಹಣ ಕೊಟ್ಟು ಸ್ಪರ್ಧಿಯನ್ನು ಪಕ್ಕಕ್ಕೆ ಸರಿಸಬಹುದು, ಇಲ್ಲವೇ ಬೆಲ್ಟನ್ನೇ ಬಿಟ್ಟುಕೊಡಬಹುದು. ಟಿಕೆಟ್ ಮಾರುವ ಹೆಸರು ಯಾರದೋ ಅವರ ಪ್ರಮೋಟರ್, ಅಂದರೆ ಪಂದ್ಯ ಏರ್ಪಡಿಸುವವರು, ಹೇಳಿದ ಊರು, ಹೇಳಿದ ತೂಕ ಮತ್ತು ಸೋತರೆ ಮರುಪಂದ್ಯ ಎಂಬ ಷರತ್ತು ಒಪ್ಪಂದದಲ್ಲಿ ಸೇರುತ್ತವೆ. ಇವೆಲ್ಲ ಗಂಟೆ ಬಾರಿಸುವ ಮೊದಲೇ ನಡೆದುಹೋಗುವ ಸಂಗತಿಗಳಾದ್ದರಿಂದ ಪಂದ್ಯದ ದೃಶ್ಯದಲ್ಲಿ ಕಾಣುವುದಿಲ್ಲ, ಸಂಖ್ಯೆಯಲ್ಲಂತೂ ಕಾಣುವುದೇ ಇಲ್ಲ.

ಉದಯೋನ್ಮುಖ ಆಟಗಾರರ ದಾಖಲೆ ಬೆಳೆಯುವ ಬಗೆಯನ್ನೂ ಇಲ್ಲಿಯೇ ಹೇಳಬೇಕು. ಗೆಲ್ಲುವ ನಿರೀಕ್ಷೆಯಿಲ್ಲದ ಅನುಭವಿಗಳನ್ನು ಅವರೆದುರು ನಿಲ್ಲಿಸಲಾಗುತ್ತದೆ. ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ 2008ರಲ್ಲಿ ನಿವೃತ್ತರಾಗುವ ಹೊತ್ತಿಗೆ 300 ಪಂದ್ಯಗಳನ್ನು ಆಡಿ 256ರಲ್ಲಿ ಸೋತಿದ್ದರು. ಅವರಂಥವರ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಎಷ್ಟೋ ಹುಡುಗರು ರಿಂಗಿನ ಪಾಠ ಕಲಿತದ್ದೇ ಇಂಥವರ ಎದುರು. ಆದರೆ ಆ ಪಾಠಗಳೂ ಅಜೇಯ ದಾಖಲೆಯ ಭಾಗವಾಗಿ ಮಾರಾಟವಾಗುತ್ತಿರುವಾಗ, ಎದುರಿಗಿದ್ದವರು ಯಾರೆಂದು ಹೇಳುವ ಹೊಣೆ ಮಾರುವವರ ಮೇಲಿರುತ್ತದೆ.

ತಮ್ಮ ಪಟ್ಟಿಯ ಮೊದಲ ಸ್ಥಾನದಲ್ಲಿರುವ ಫ್ಲಾಯ್ಡ್ ಮೇವೆದರ್ ಅವರ ಬಗ್ಗೆ ಬಹಳ ಜನ ಆಡುವ ಹಗುರ ಮಾತನ್ನು ನಾನು ಒಪ್ಪುವುದಿಲ್ಲ. 2001ರಲ್ಲಿ ಆವರೆಗೆ ಸೋಲರಿಯದಿದ್ದ ಡಿಯೇಗೋ ಕೊರಾಲೆಸ್ ಅವರನ್ನು ಐದು ಸಲ ಕೆಳಗೆ ಕೆಡವಿ ಗೆದ್ದರು. 2002ರಲ್ಲಿ ಹೊಸೆ ಲೂಯಿಸ್ ಕಾಸ್ಟಿಯೊ ಎದುರಿನ ತೀರ್ಪಿಗೆ ಭಾರೀ ಆಕ್ಷೇಪ ಬಂದಾಗ ಅದೇ ವರ್ಷ ಅವರಿಗೆ ಮರುಪಂದ್ಯ ಕೊಟ್ಟು ಮತ್ತೆ ಗೆದ್ದರು. ಈ ಗೆಲುವುಗಳಿಗೆ ಪೂರ್ಣ ಮನ್ನಣೆ ಸಲ್ಲಬೇಕು. 2013ರಲ್ಲಿ 36ರ ವಯಸ್ಸಿನಲ್ಲಿ 23ರ ಹರೆಯದ ಕನೆಲೊ ಆಲ್ವಾರೆಜ್ ಅವರಿಗೆ ಬಾಕ್ಸಿಂಗ್ ಪಾಠ ಹೇಳಿಕೊಟ್ಟದ್ದೂ ದೊಡ್ಡ ಸಾಧನೆಯೇ, ಆದರೆ 154 ಪೌಂಡ್ ವಿಭಾಗದ ಆ ಪಂದ್ಯಕ್ಕೆ, ಆಲ್ವಾರೆಜ್ ಇನ್ನಷ್ಟು ತೂಕ ಇಳಿಸಬೇಕಾಗುವಂತೆ, ಒಪ್ಪಂದದ ತೂಕ 152 ಪೌಂಡ್ ಎಂದು ಗೊತ್ತುಮಾಡಲಾಗಿತ್ತು ಎಂಬುದನ್ನು ಜೊತೆಗೇ ಹೇಳಬೇಕಾಗುತ್ತದೆ. ಮ್ಯಾನಿ ಪಕಿಯಾವೊ ಜೊತೆಗಿನ ಪಂದ್ಯದ ಮಾತುಕತೆ ಉದ್ದೀಪನ ಮದ್ದು ಪತ್ತೆಯ ರಕ್ತಪರೀಕ್ಷೆಯ ತಕರಾರಿನಲ್ಲಿ ಮುರಿದದ್ದು 2010ರ ಆರಂಭದಲ್ಲಿ. ಪಂದ್ಯ ನಡೆದದ್ದು 2015ರ ಮೇ 2ರಂದು. ಆ ನಡುವೆ, 2012ರಲ್ಲಿ, ಪಕಿಯಾವೊ ಅವರು ಹ್ವಾನ್ ಮ್ಯಾನುಯೆಲ್ ಮಾರ್ಕೆಸ್ ಅವರ ಒಂದೇ ಹೊಡೆತಕ್ಕೆ ಮೂರ್ಛೆ ಹೋಗಿ ಬಿದ್ದಿದ್ದರು. ಇನ್ನು 50ನೆಯ ಗೆಲುವು ಬಂದದ್ದು 2017ರಲ್ಲಿ, ಅಲ್ಲಿಯವರೆಗೆ ಒಂದೂ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿರದ, ಮಿಶ್ರ ಸಮರಕಲೆಯ ಆಟಗಾರ ಕಾನರ್ ಮೆಕ್‌ಗ್ರೆಗರ್ ಎದುರು. ಈ ಒಂದು ಗೆಲುವಿನಿಂದಲೇ ಅವರು ರಾಕಿ ಮಾರ್ಸಿಯಾನೊ ಅವರ 49–0 ದಾಖಲೆಯನ್ನು ದಾಟಿದರೆಂದು ತಮ್ಮ ವಿವರಣೆಕಾರರು ಹೆಮ್ಮೆಯಿಂದ ಹೇಳುತ್ತಾರೆ. ಎದುರಾಳಿಯ ಅನುಭವ ಸೊನ್ನೆ ಎಂಬುದನ್ನು ಮಾತ್ರ ಒಮ್ಮೆಯೂ ಹೇಳುವುದಿಲ್ಲ.

ಪಟ್ಟಿಯಲ್ಲಿ ಕೆಳಗೆ ತಳ್ಳಲ್ಪಟ್ಟವರನ್ನು ನೋಡಿದರೆ ನನಗೆ ಇನ್ನೂ ಹೆಚ್ಚು ನೋವಾಗುತ್ತದೆ. 19 ಸೋಲುಗಳಿವೆ ಎಂಬ ಕಾರಣಕ್ಕೆ ಶುಗರ್ ರೇ ರಾಬಿನ್ಸನ್ ಕೊನೆಯ ಸಾಲಿಗೆ ಹೋಗಿದ್ದಾರೆ. ಜೇಕ್ ಲಮೊಟಾ ಅವರನ್ನು ಆರು ಸಲ ಎದುರಿಸಿ ಐದು ಸಲ ಗೆದ್ದವರು ಅವರು, ಸೋಲುಗಳಲ್ಲಿ ಬಹುಪಾಲು ವಯಸ್ಸು ಮೀರಿದ ಮೇಲೆ ಬಂದವು. ಸ್ಯಾಮ್ ಲ್ಯಾಂಗ್‌ಫರ್ಡ್ ಅವರ ಹೆಸರೇ ಇಲ್ಲ, ಏಕೆಂದರೆ ಅವರು ಚಾಂಪಿಯನ್ ಆಗಲಿಲ್ಲ. 20ನೆಯ ಶತಮಾನದ ಆರಂಭದ ವರ್ಣಭೇದದ ಆ ಕಾಲದಲ್ಲಿ ಕಪ್ಪುವರ್ಣೀಯರಾದ ಅವರಿಗೆ ವಿಶ್ವ ಹೆವಿವೇಟ್ ಪಟ್ಟಕ್ಕಾಗಿ ಸೆಣಸುವ ಒಂದೇ ಒಂದು ಅವಕಾಶವೂ ಸಿಗಲಿಲ್ಲ. ಅವರಂತೆಯೇ ಕಪ್ಪುವರ್ಣೀಯರಾದ ಹ್ಯಾರಿ ವಿಲ್ಸ್ ಅವರಿಗೂ ಅಂದಿನ ಹೆವಿವೇಟ್ ಚಾಂಪಿಯನ್ ಜ್ಯಾಕ್ ಡೆಂಪ್ಸಿ ಎದುರು ನಿಲ್ಲುವ ದಿನ ಬರಲಿಲ್ಲ.

ಚಾಂಪಿಯನ್ನರೆಲ್ಲ ಅಳುಕುತ್ತಾರೆ ಎಂದು ನಾನು ಹೇಳುತ್ತಿಲ್ಲ. ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ 1941ರ ಜನವರಿಯಿಂದ ಜೂನ್‌ವರೆಗೆ ಪ್ರತಿ ತಿಂಗಳೂ ಪಟ್ಟವನ್ನು ಪಣಕ್ಕಿಟ್ಟರು. ಎದುರಾಳಿಗಳು ದುರ್ಬಲರೆಂದು ಪತ್ರಿಕೆಗಳು ಮೂದಲಿಸಿದವು. ಆದರೆ ಜೂನ್‌ನಲ್ಲಿ ಎದುರು ನಿಂತ ಬಿಲ್ಲಿ ಕಾನ್ 12 ಸುತ್ತುಗಳ ನಂತರ ಅಂಕಗಳಲ್ಲಿ ಮುಂದಿದ್ದರು, 13ನೆಯ ಸುತ್ತಿನ ನಾಕೌಟ್ ಬಾರದಿದ್ದರೆ ಪಟ್ಟ ಅಂದೇ ಕೈಬದಲಾಗುತ್ತಿತ್ತು. ನಮ್ಮ ಕಾಲದಲ್ಲೇ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಅವರು ಮೈರಿಸ್ ಬ್ರಿಯೆಡಿಸ್ ಅವರನ್ನು ರೀಗಾದಲ್ಲಿ, ಮುರಾತ್ ಗಾಸಿಯೆವ್ ಅವರನ್ನು ಮಾಸ್ಕೋದಲ್ಲಿ, ಟೋನಿ ಬೆಲ್ಯೂ ಅವರನ್ನು ಮ್ಯಾಂಚೆಸ್ಟರ್‌ನಲ್ಲಿ, ಆಂಥನಿ ಜೋಶುವಾ ಅವರನ್ನು ಲಂಡನ್ನಿನಲ್ಲಿ, ಅಂದರೆ ಎದುರಾಳಿಗಳ ಅಭಿಮಾನಿಗಳು ತುಂಬಿದ್ದ ಕ್ರೀಡಾಂಗಣಗಳಲ್ಲೇ ಸೋಲಿಸಿದರು. ಪಂದ್ಯ ನಡೆದ ಊರಿನ ಹೆಸರು ಹಾಕದಿದ್ದರೆ ಅವರ ಸಾಧನೆಯ ಅರ್ಧ ಅಲ್ಲಿಯೇ ಅಳಿಸಿಹೋಗುತ್ತದೆ.

ಆದ್ದರಿಂದ, ಪ್ರತಿ ಪಟ್ಟದ ಪಂದ್ಯದ ಜೊತೆಗೆ ಎದುರಾಳಿಯ ಆ ದಿನದವರೆಗಿನ ದಾಖಲೆ, ಇಬ್ಬರ ವಯಸ್ಸು, ಒಪ್ಪಂದದ ತೂಕ ಮತ್ತು ಪಂದ್ಯ ನಡೆದ ಸ್ಥಳವನ್ನು ತೋರಿಸಬೇಕೆಂದೂ, ಅದು ಕಡ್ಡಾಯ ಸ್ಪರ್ಧಿಯ ಎದುರಿನದೋ ಚಾಂಪಿಯನ್ ಆರಿಸಿಕೊಂಡದ್ದೋ ಎಂಬುದನ್ನು ನಮೂದಿಸಬೇಕೆಂದೂ ಕೋರುತ್ತೇನೆ. ಈ ಮಾಹಿತಿಯಲ್ಲಿ ಹೆಚ್ಚಿನದು ಪಂದ್ಯದ ಆರಂಭದ ಘೋಷಣೆಯಲ್ಲೇ ಇರುವುದರಿಂದ ಇದು ತಮಗೆ ದೊಡ್ಡ ಹೊರೆಯಾಗಲಾರದು. ಅಲ್ಲಿಯವರೆಗೆ ಸೋಲಿನ ಎಣಿಕೆಯ ಮೇಲೆ ನಿಂತಿರುವ ಶ್ರೇಯಾಂಕವನ್ನು ತೆಗೆದು, ಹೆಸರುಗಳನ್ನು ಕಾಲಕ್ರಮದಲ್ಲಿ ಇಡಬೇಕು. ಕೈಗೊಂಡ ಕ್ರಮವನ್ನು 30 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿ. ಬದಲಾವಣೆ ಸಾಧ್ಯವಿಲ್ಲವೆಂದಾದರೆ ಉಳಿದ ತಿಂಗಳುಗಳ ಚಂದಾ ಹಣವನ್ನು ನನ್ನ ಖಾತೆಗೆ ಹಿಂದಿರುಗಿಸಬೇಕು.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಚಂದಾದಾರ