ಮೂಳೆಯ ಮಾತ್ರೆ ನುಂಗುವ ಮುಂಚೆ ಕಿಡ್ನಿಯನ್ನೂ ಕೇಳು

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ಸ್ಕ್ಯಾನ್‌ನಲ್ಲಿ ಮೂಳೆ ಎಷ್ಟು ಗಟ್ಟಿ ಅಂತ ಹೇಳುವ ಟಿ ಸ್ಕೋರ್ ಮೈನಸ್ 2.8 ಬಂದಿದೆ, ಬೆನ್ನು ನೋವಿಗೆ ರಾತ್ರಿ ನಿದ್ದೆ ಇಲ್ಲ, ಕಿಡ್ನಿ ಬೇರೆ ಸೋತಿದೆ, ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಶೋಧಿಸುತ್ತಿದೆ ಅನ್ನುವ ಲೆಕ್ಕ) 38 ಇದೆ, ಏನು ಮಾಡಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ಎರಡು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ ಇದು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ನಾನೇನೂ ಡಾಕ್ಟರ್ ಅಲ್ಲ. ಆದರೆ ಈ ಎರಡರ ಜೊತೆಗೂ ಏಗಿ ಏಗಿ ಒಂದಿಷ್ಟು ಗೊತ್ತಾಗಿದೆ.

ಮೊದಲು ಒಂದು ಭಯ ಬಿಟ್ಟುಬಿಡು. ಬೆನ್ನು ನೋಯುತ್ತಿದೆ ಅಂದರೆ ಕಿಡ್ನಿ ಇನ್ನಷ್ಟು ಕೆಟ್ಟಿತು ಅಂತ ಅರ್ಥ ಅಲ್ಲ. ವರ್ಷಗಟ್ಟಲೆ ನಿಧಾನವಾಗಿ ಕೆಡುವ ಕಿಡ್ನಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಕಲ್ಲು ಇದ್ದರೆ, ಸೋಂಕು ಆದರೆ ನೋಯುತ್ತದೆ. ಆಗ ನೋವು ಪಕ್ಕೆಲುಬಿನ ಕೆಳಗೆ ಒಂದು ಬದಿಗೆ ಹಿಡಿದುಕೊಳ್ಳುತ್ತದೆ, ಸೋಂಕಾದರೆ ಜ್ವರ, ಚಳಿ, ಉರಿಮೂತ್ರವೂ ಇರಬಹುದು. ಎದ್ದು ನಿಂತಾಗ, ಬಗ್ಗಿದಾಗ ಜಾಸ್ತಿಯಾಗಿ, ಮಲಗಿದರೆ ಕಡಿಮೆಯಾಗುವ ನೋವು ಬಹುಪಾಲು ಮೂಳೆಯದೋ ಸ್ನಾಯುವಿನದೋ ಆಗಿರುತ್ತದೆ.

ಹಾಗಂತ ಎರಡಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಬಿಸಿಲಿನಿಂದಲೋ ಮಾತ್ರೆಯಿಂದಲೋ ಬಂದ ವಿಟಮಿನ್ ಡಿ ಹಾಗೇ ಕೆಲಸಕ್ಕೆ ಬರುವುದಿಲ್ಲ. ಲಿವರ್‌ನಲ್ಲಿ ಒಂದು ಸಲ, ಕಿಡ್ನಿಯಲ್ಲಿ ಇನ್ನೊಂದು ಸಲ ಬದಲಾದ ಮೇಲೆಯೇ ಅದು ಊಟದ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಸರಿಯಾಗಿ ಸೇರಿಸುವುದು. ಕಿಡ್ನಿ ಸೋತರೆ ಈ ಎರಡನೇ ಕೆಲಸ ಕುಂಟುತ್ತದೆ. ಜೊತೆಗೆ, ಹೊರಗೆ ಹೋಗಬೇಕಾದ ಫಾಸ್ಫರಸ್ ಒಳಗೇ ಉಳಿಯುತ್ತಾ ಬರುತ್ತದೆ. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಪ್ಯಾರಾಥೈರಾಯ್ಡ್ ಅಂತ ನಾಲ್ಕು ಪುಟ್ಟ ಗ್ರಂಥಿಗಳಿವೆ. ಇಷ್ಟೆಲ್ಲಾ ಏರುಪೇರಾದಾಗ ಅವು ಪಿಟಿಎಚ್ ಅನ್ನುವ ಹಾರ್ಮೋನ್ ಜಾಸ್ತಿ ಬಿಟ್ಟು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ತುಂಬುತ್ತವೆ. ರಿಪೋರ್ಟ್‌ನಲ್ಲಿ ಕ್ಯಾಲ್ಸಿಯಂ ನಾರ್ಮಲ್ ಅಂತ ಬಂದಿರುತ್ತದೆ, ಆದರೆ ಅದು ಎಲ್ಲಿಂದ ಬಂತು ಅಂತ ರಿಪೋರ್ಟ್ ಹೇಳುವುದಿಲ್ಲ ನೋಡು. ರಕ್ತದಲ್ಲಿ ಆಮ್ಲ ಜಾಸ್ತಿ ಆದರೂ ಮೂಳೆಗೇ ಪೆಟ್ಟು. ನಿನಗಂತೂ ಕಿಡ್ನಿಗೆ ಅಂತ ಆಗ ತುಂಬಾ ದಿನ ಸ್ಟೀರಾಯ್ಡ್ ಕೊಟ್ಟಿದ್ದರು, ಆಮೇಲೆ ಮುಟ್ಟೂ ನಿಂತಿತು. ಮೂಳೆ ಟೊಳ್ಳಾಗಲು ಕಾರಣ ಒಂದೇ ಅಲ್ಲ, ನಿನ್ನ ತಪ್ಪಂತೂ ಅಲ್ಲವೇ ಅಲ್ಲ.

ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಅನ್ನುತ್ತಾರೆ. ಆದರೆ ಆ ಸ್ಕ್ಯಾನ್ ಮೂಳೆ ಎಷ್ಟು ಗಟ್ಟಿ ಇದೆ ಅಂತ ಹೇಳುತ್ತದೆ, ಯಾಕೆ ಹೀಗಾಯಿತು ಅಂತ ಹೇಳುವುದಿಲ್ಲ. ಕಿಡ್ನಿ ತೊಂದರೆ ಇರುವವರಲ್ಲಿ ಈ "ಯಾಕೆ" ಅನ್ನುವುದೇ ದೊಡ್ಡ ವಿಷಯ. ಕೆಲವರಲ್ಲಿ ಪಿಟಿಎಚ್ ಏರಿ ಮೂಳೆ ಬೇಗ ಬೇಗ ಕರಗುತ್ತಿರುತ್ತದೆ. ಇನ್ನು ಕೆಲವರಲ್ಲಿ ತದ್ವಿರುದ್ಧ, ಮೂಳೆಯೊಳಗೆ ಹಳೆಯದನ್ನು ತೆಗೆದು ಹೊಸದು ಕಟ್ಟುವ ಕೆಲಸವೇ ನಿಂತುಹೋಗಿರುತ್ತದೆ. ಮೊದಲನೆಯವರಿಗೆ ಹಿಡಿಸುವ ಔಷಧಿ ಎರಡನೆಯವರಿಗೆ ಹಿಡಿಸಲಿಕ್ಕಿಲ್ಲ. ಅದಕ್ಕೇ ಚಿಕಿತ್ಸೆ ಶುರು ಮಾಡುವ ಮುಂಚೆ ಕ್ಯಾಲ್ಸಿಯಂ, ಫಾಸ್ಫರಸ್, ಪಿಟಿಎಚ್, ವಿಟಮಿನ್ ಡಿ, ಆಲ್ಕಲೈನ್ ಫಾಸ್ಫಟೇಸ್, ಬೈಕಾರ್ಬೊನೇಟ್ ಇಷ್ಟನ್ನೂ ನೋಡಿದ್ದಾರಾ ಅಂತ ಕೇಳು. ನೋಡಿಲ್ಲ ಅಂದರೆ ಯಾಕೆ ಅಂತಲೂ ಕೇಳು. ಸಂಕೋಚ ಬೇಡ.

ಮೂಳೆಯೂ ಕಿಡ್ನಿಯೂ ಒಟ್ಟಿಗೆ ಕೆಟ್ಟಾಗ ಮೈಲೋಮ ಅನ್ನುವ ರಕ್ತದ ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದೂ ಉಂಟು. ಅದಕ್ಕೆ ರಕ್ತದ, ಕೆಲವೊಮ್ಮೆ ಮೂತ್ರದ, ಪ್ರೋಟೀನ್ ಪರೀಕ್ಷೆ ಮಾಡುತ್ತಾರೆ, ಹೆದರಿಕೊಂಡು ಕೂರಬೇಡ. ನಿನಗೆ ಕಾರಣಗಳು ಮೊದಲೇ ಇವೆ. ಆದರೂ ಒಂದು ಸಲ ಕೇಳಿಬಿಡು.

ಈಗ ನನಗೆ ನಿಜವಾಗಿ ಹೇಳಬೇಕಾಗಿದ್ದು. ಮೂಳೆ ಡಾಕ್ಟರ್ ಮೂಳೆ ನೋಡುತ್ತಾರೆ, ಕಿಡ್ನಿ ಡಾಕ್ಟರ್ ಕಿಡ್ನಿ ನೋಡುತ್ತಾರೆ, ಎರಡೂ ಚೀಟಿಗಳು ಸೇರುವುದು ನಿನ್ನ ಬ್ಯಾಗಿನಲ್ಲಿ ಮಾತ್ರ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಾನಾಗೇ ತಲುಪುತ್ತದೆ ಅಂತ ಅಂದುಕೊಳ್ಳಬೇಡ. ಯಾರ ಮುಂದೆ ಕೂತರೂ ಬಾಯಿ ಬಿಟ್ಟ ತಕ್ಷಣ "ನನ್ನ ಇಜಿಎಫ್‌ಆರ್ 38" ಅನ್ನು. ಆಮೇಲೆ ಉಳಿದ ಮಾತು. ನನಗೂ ಹೀಗೇ ಒಂದು ಕಡೆ, ಕಿಡ್ನಿ ವಿಷಯ ಫೈಲಿನ ಮೊದಲ ಪುಟದಲ್ಲೇ ಇದ್ದರೂ, ನೋವಿನ ಇಂಜೆಕ್ಷನ್ ಕೊಡಲು ಸಿರಿಂಜ್ ಹಿಡಿದು ಬಂದಿದ್ದರು. ಯಾವುದು ಅಂತ ಕೇಳಿದೆ, ಡೈಕ್ಲೋಫೆನಾಕ್ ಅಂದರು. ಬೇಡ ಅಂದೆ. ಅವರಿಗೆ ಸ್ವಲ್ಪ ಸಿಟ್ಟು ಬಂತು, ಬರಲಿ ಬಿಡು.

ಡೈಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರೋಕ್ಸೆನ್, ಅಸಿಕ್ಲೋಫೆನಾಕ್ ಎಲ್ಲಾ ಒಂದೇ ಜಾತಿ. ಸೋತ ಕಿಡ್ನಿಗೆ ರಕ್ತ ಸರಿಯಾಗಿ ಹರಿಯಬೇಕಾದರೆ ದೇಹ ತಯಾರಿಸುವ ಒಂದು ವಸ್ತು ಬೇಕು. ಈ ಮಾತ್ರೆಗಳು ನೋವನ್ನು ತಡೆಯುವಾಗ ಅದನ್ನೂ ತಡೆದುಬಿಡುತ್ತವೆ. ಬಿಪಿಗೆ ಅಂತ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ತರಹದ್ದು, ಜೊತೆಗೆ ನೀರು ಹೋಗುವ ಮಾತ್ರೆ, ಅದರ ಮೇಲೆ ಇದೂ ಸೇರಿದರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಕ್ರಿಯಾಟಿನಿನ್ ಏರಬಹುದು, ಅಂದರೆ ಕಿಡ್ನಿ ಇನ್ನಷ್ಟು ಸೋತಿದೆ ಅಂತ. ನೀನು ಮೊದಲಿನ ಎರಡನ್ನೂ ತೆಗೆದುಕೊಳ್ಳುತ್ತಿದ್ದೀಯ, ಅಲ್ವಾ?

ಮಾತ್ರೆ ಶೀಟಿನ ಮುಂದಿನ ದೊಡ್ಡ ಹೆಸರು ನೋಡಿ ಮೋಸ ಹೋಗಬೇಡ. ಶೀಟು ತಿರುಗಿಸು. ಹಿಂದೆ ಬೆಳ್ಳಿ ಬಣ್ಣದ ಹಾಳೆಯ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಳಗೇನಿದೆ ಅಂತ ಬರೆದಿರುತ್ತದೆ. ಪ್ಯಾರಾಸಿಟಮಾಲ್ ಅಂತ ಮೊದಲ ಸಾಲಿನಲ್ಲಿದ್ದರೆ ಅಲ್ಲಿಗೇ ನಿಲ್ಲಿಸಬೇಡ, ಎರಡನೇ ಸಾಲಿನಲ್ಲಿ ಅಸಿಕ್ಲೋಫೆನಾಕೋ ಐಬುಪ್ರೊಫೇನೋ ಕೂತಿರಬಹುದು. ಕಣ್ಣಿಗೆ ಕಾಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದು. ಬರೀ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ನಮ್ಮಂಥವರಿಗೆ ಮೊದಲ ಆಯ್ಕೆ, ಡಾಕ್ಟರ್ ಹೇಳಿದ ಅಳತೆಯೊಳಗೆ. ನೋವಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಬರೆದರೆ ಡೋಸ್ ಕಿಡ್ನಿಗೆ ತಕ್ಕಂತೆ ಇಳಿಸಿದ್ದಾರಾ ಕೇಳು. ಅವು ಕಿಡ್ನಿಯಿಂದಲೇ ಹೊರಗೆ ಹೋಗಬೇಕು. ಹೋಗದಿದ್ದರೆ ತಲೆ ಭಾರ, ತೂಕಡಿಕೆ, ನಡೆಯುವಾಗ ತೂರಾಟ. ಮೂಳೆ ಟೊಳ್ಳಾದವರು ತೂರಾಡಬಾರದು, ಹೇಳಬೇಕಾ?

ಇನ್ನು ಮೂಳೆಯ ಔಷಧಿ. ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್, ಇವಕ್ಕೆ ಕಿಡ್ನಿಯ ಲೆಕ್ಕ 35ಕ್ಕಿಂತ ಕೆಳಗೆ ಇಳಿದರೆ ಕೊಡಬಾರದು ಅಂತಿದೆ. ರಿಸೆಡ್ರೊನೇಟ್‌ಗೆ ಆ ಗೆರೆ 30. ನೀನು 38ರಲ್ಲಿದ್ದೀಯ, ಗೆರೆಯ ಪಕ್ಕದಲ್ಲೇ. ಇವತ್ತು ಸರಿ ಇರುವ ಮಾತ್ರೆ ಆರು ತಿಂಗಳ ನಂತರ ಸರಿ ಇರಲಿಕ್ಕಿಲ್ಲ, ಹಾಗಾಗಿ ಒಂದು ಸಲ ಬರೆದುಕೊಟ್ಟ ಚೀಟಿಯನ್ನೇ ಹಿಡಿದು ವರ್ಷಗಟ್ಟಲೆ ಕೊಳ್ಳುತ್ತಾ ಹೋಗಬೇಡ. ಅಲೆಂಡ್ರೊನೇಟ್ ಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂತಿರು. ಮಲಗಿದರೆ ಅನ್ನನಾಳ ಸುಡಬಹುದು.

ಡೆನೋಸುಮಾಬ್ ಅಂತ ಆರು ತಿಂಗಳಿಗೊಂದು ಇಂಜೆಕ್ಷನ್ ಇದೆ. ಅದು ಕಿಡ್ನಿಯಿಂದ ಹೊರಗೆ ಹೋಗುವುದಲ್ಲ, ಅದಕ್ಕೇ ಕಿಡ್ನಿ ತೊಂದರೆ ಇರುವವರಿಗೆ ಒಳ್ಳೆಯದು ಅನ್ನುತ್ತಾರೆ. ಅರ್ಧ ನಿಜ. ಕಿಡ್ನಿ ತುಂಬಾ ಸೋತವರಲ್ಲಿ, ಮುಖ್ಯವಾಗಿ ಡಯಾಲಿಸಿಸ್‌ನಲ್ಲಿರುವವರಲ್ಲಿ, ಅದು ಕ್ಯಾಲ್ಸಿಯಂ ಅನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನೇ ಹಾಕಿತು. ಕೊಟ್ಟ ಮೇಲೆ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ ಅಂದರೆ, ಸ್ನಾಯು ಹಿಡಿದುಕೊಂಡರೆ ತಕ್ಷಣ ಹೇಳಬೇಕು. ಇನ್ನೊಂದು, ಶುರು ಮಾಡಿದ ಮೇಲೆ ಸುಮ್ನೆ ನಿಲ್ಲಿಸುವ ಹಾಗಿಲ್ಲ. ಡೋಸ್ ತಪ್ಪಿಸಿದರೆ ಮೂಳೆ ಮೊದಲಿಗಿಂತ ಜೋರಾಗಿ ಕರಗಲು ಶುರುವಾಗಿ ಬೆನ್ನುಮೂಳೆ ಮುರಿಯುವುದುಂಟು. ನಿಲ್ಲಿಸುವುದಾದರೆ ಮುಂದೇನು ಅಂತ ಶುರು ಮಾಡುವ ದಿನವೇ ಕೇಳಿಟ್ಟುಕೊ.

ಕ್ಯಾಲ್ಸಿಯಂ ಮಾತ್ರೆಯ ಬಗ್ಗೆ ಎಲ್ಲರೂ ಸಲಹೆ ಕೊಡುತ್ತಾರೆ. ಮೂಳೆಗೆ ಒಳ್ಳೆಯದು, ತಗೋ ತಗೋ ಅಂತ. ಕಿಡ್ನಿ ಸರಿ ಇಲ್ಲದವರಲ್ಲಿ ಹೆಚ್ಚಾದ ಕ್ಯಾಲ್ಸಿಯಂ ರಕ್ತನಾಳದ ಗೋಡೆಯಲ್ಲಿ ಕೂರಬಹುದು. ನಿನ್ನ ಕಿಡ್ನಿ ಡಾಕ್ಟರ್ ಹೇಳಿದಷ್ಟು, ಅವರು ಹೇಳಿದ ಹೊತ್ತಿಗೆ ಮಾತ್ರ. ವಿಟಮಿನ್ ಡಿ ದೊಡ್ಡ ಡೋಸ್‌ಗೂ ಇದೇ ಮಾತು. ಮೂಳೆ ಗಟ್ಟಿಯಾಗುವ ಪುಡಿ, ಲೇಹ್ಯ ಅಂತ ಯಾರಾದರೂ ಕೊಟ್ಟರೆ ನಮಸ್ಕಾರ ಹೇಳಿ ವಾಪಸ್ ಕೊಡು. ಫಾಸ್ಫರಸ್ ವಿಷಯದಲ್ಲಿ ಮೊದಲು ಕೈ ಬಿಡಬೇಕಾಗಿದ್ದು ಪ್ಯಾಕೆಟ್ ತಿಂಡಿ ಮತ್ತು ಕಪ್ಪು ಕೋಲಾ. ಅವುಗಳಲ್ಲಿ ಸೇರಿಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಮೈಗೆ ಹತ್ತುತ್ತದೆ, ಕಾಳುಬೇಳೆಯಲ್ಲಿರುವುದು ಅಷ್ಟು ಹತ್ತುವುದಿಲ್ಲ.

ಈಗ ನಿನ್ನ ಬೆನ್ನು. ಎತ್ತರ ಅಳೆದು ನೋಡಿದ್ದೀಯಾ? ಹರೆಯದಲ್ಲಿದ್ದದ್ದಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ದರೆ ಬೆನ್ನುಮೂಳೆಯ ಸಣ್ಣ ಮೂಳೆಗಳಲ್ಲಿ ಒಂದೆರಡು ಕುಸಿದಿರಬಹುದು. ಬಿದ್ದಿಲ್ಲ, ಏಟಾಗಿಲ್ಲ ಅಂತ ಸುಮ್ಮನಿರಬೇಡ. ಬಕೆಟ್ ಎತ್ತಿದಾಗ, ಜೋರಾಗಿ ಕೆಮ್ಮಿದಾಗಲೂ ಕುಸಿಯುತ್ತವೆ, ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಒಂದು ಎಕ್ಸ್‌ರೇ ತೆಗೆಸು. ಎಂಆರ್‌ಐ ಬೇಕು ಅಂದರೆ, ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಚುಚ್ಚುವ ಡೈ ಹಾಕುತ್ತೀರಾ ಅಂತ ಮೊದಲೇ ಕೇಳಿ ಇಜಿಎಫ್‌ಆರ್ ಹೇಳು. ಕುಸಿತದ ನೋವಾದರೆ ಸಾಮಾನ್ಯವಾಗಿ 6ರಿಂದ 12 ವಾರದಲ್ಲಿ ಇಳಿಯುತ್ತದೆ.

ಆ ವಾರಗಳನ್ನೆಲ್ಲಾ ಹಾಸಿಗೆಯಲ್ಲೇ ಕಳೆದರೆ ಮೂಳೆ ಇನ್ನೂ ಟೊಳ್ಳಾಗುತ್ತದೆ, ಸ್ನಾಯು ಸೋಲುತ್ತದೆ. ಸ್ವಲ್ಪ ಸ್ವಲ್ಪ ನಡಿ, ಸುಸ್ತಾದರೆ ಅಂಗಾತ ಮಲಗು, ಮತ್ತೆ ನಡಿ. ಏಳುವಾಗ ನೇರ ಎದ್ದು ಕೂರಬೇಡ. ಮೊದಲು ಮೊಣಕಾಲು ಮಡಿಸು. ಭುಜ, ಸೊಂಟ, ಮೊಣಕಾಲು ಮೂರೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ, ಪಕ್ಕಕ್ಕೆ ಹೊರಳು. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಡುತ್ತಾ ಮೇಲಿನ ಕೈಯಿಂದ ಹಾಸಿಗೆ ಒತ್ತಿ ಏಳು. ಎದ್ದ ಕೂಡಲೇ ನಿಲ್ಲಬೇಡ, ಒಂದು ನಿಮಿಷ ಕೂತಿರು, ಬಿಪಿ ಮಾತ್ರೆಗೆ ಕಣ್ಣು ಕತ್ತಲೆ ಬರುತ್ತದೆ. ಕೆಳಗಿನ ವಸ್ತು ತೆಗೆಯುವಾಗ ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸು. ಯೋಗ ಮಾಡುತ್ತೀನಿ ಅಂತ ಮುಂದಕ್ಕೆ ಬಾಗಿ ಕಾಲು ಮುಟ್ಟುವ ಆಸನ, ಸೊಂಟ ತಿರುಚುವ ಆಸನ ಈಗ ಬೇಡವೇ ಬೇಡ. ಬೆನ್ನು ನೆಟ್ಟಗಾಗಿಸುವ ವ್ಯಾಯಾಮಗಳಿವೆ, ಅವನ್ನು ಫಿಸಿಯೋ ಹತ್ತಿರ ಕಲಿತುಕೊ. ಬಿಸಿ ಶಾಖ ಕೊಡು, ಅದಕ್ಕೆ ಕಿಡ್ನಿಯ ಅಪ್ಪಣೆ ಬೇಕಿಲ್ಲ.

ರಾತ್ರಿ ಮೂತ್ರಕ್ಕೆ ಏಳುವ ದಾರಿಯಲ್ಲಿ ಲೈಟ್ ಇರಲಿ, ನೆಲದ ಮೇಲಿನ ಮ್ಯಾಟ್ ತೆಗೆಸು, ಬಾತ್‌ರೂಮಿನಲ್ಲಿ ಹಿಡಿಯಲು ಕಂಬಿ ಹಾಕಿಸು. ಇದಕ್ಕೆಲ್ಲಾ ನಿನ್ನ ಗಂಡ "ಅಷ್ಟೇನೂ ವಯಸ್ಸಾಗಿಲ್ಲ ನಿನಗೆ" ಅನ್ನುತ್ತಾನೆ. ಅನ್ನಲಿ, ಕಂಬಿ ಹಾಕಲಿ.

ಕಾಲಿನ ಶಕ್ತಿ ಕಡಿಮೆಯಾದರೆ, ತೊಡೆಗಳ ಸಂದಿ ಮರಗಟ್ಟಿದರೆ, ಮೂತ್ರ ಅಥವಾ ಮಲ ಹಿಡಿತ ತಪ್ಪಿದರೆ, ಬೆನ್ನು ನೋವಿನ ಜೊತೆ ಜ್ವರ ಬಂದರೆ, ನಾಳೆ ನೋಡೋಣ ಅನ್ನಬೇಡ. ಅವತ್ತೇ ಆಸ್ಪತ್ರೆಗೆ ಹೋಗು.

38 ಅಂತ ಒಂದೇ ಸಂಖ್ಯೆ ಬರೆದಿದ್ದೀಯ. ಕಳೆದ ವರ್ಷ ಎಷ್ಟಿತ್ತು? 39 ಇದ್ದು 38 ಆಗಿದ್ದರೆ ಒಂದು ಮಾತು, 50 ಇದ್ದು 38 ಆಗಿದ್ದರೆ ಬೇರೆಯೇ ಮಾತು. ಹಳೆಯ ರಿಪೋರ್ಟ್‌ಗಳನ್ನೂ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಶೀಟುಗಳ ಹಿಂಬದಿಯನ್ನೂ ಫೋಟೋ ತೆಗೆದು ಕಳಿಸು, ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವ ಮುಂಚೆ ಫೋನಿನಲ್ಲಿ ಕೂತು ಏನೇನು ಕೇಳಬೇಕು ಅಂತ ಬರೆದುಕೊಳ್ಳೋಣ.

ನಿನ್ನ ದೊಡ್ಡಮ್ಮ